ನಿಲ್ಲಲು ಕಲಿತ ಮೇಲೆ ಓಡಿದೆ

ಸಹೋದರಿ, ನಿಮಗೊಂದು ಪ್ರಶ್ನೆ. ನಿಮ್ಮ ದೇಹದ ಯಾವುದಾದರೂ ಭಾಗದಲ್ಲಿ ಈಗ ನೋವಿದೆಯೇ? ಅದು ಎಷ್ಟು ದಿನಗಳಿಂದ ಇದೆ? ಅದರ ಬಗ್ಗೆ ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ?

ಬೆನ್ನು, ಮಂಡಿ, ಹಿಮ್ಮಡಿ, ಭುಜ, ಹೀಗೆ ನಮ್ಮಲ್ಲಿ ಹೆಚ್ಚಿನವರಿಗೆ ಏನಾದರೊಂದು ಇದ್ದೇ ಇರುತ್ತದೆ. ಕೇಳಿದರೆ "ಏನಿಲ್ಲ, ಸ್ವಲ್ಪ ಸುಸ್ತು" ಎನ್ನುತ್ತೇವೆ. ಮಕ್ಕಳ ಪರೀಕ್ಷೆ ಮುಗಿಯಲಿ, ನಾದಿನಿಯ ಮದುವೆ ಕಳೆಯಲಿ, ರಮಝಾನ್ ಆಗಲಿ ಎಂದು ಡಾಕ್ಟರ ಭೇಟಿಯನ್ನು ಮುಂದೂಡುತ್ತೇವೆ. ಜನರು ಇದನ್ನು ಸಹನೆ ಎಂದು ಹೊಗಳುತ್ತಾರೆ. ನಾವೂ ಹಾಗೆಯೇ ನಂಬುತ್ತೇವೆ.

ನಾನೂ ಒಂದು ನೋವನ್ನು ಐದು ವಾರ ಬಚ್ಚಿಟ್ಟಿದ್ದೆ. ಅದು ಯಾರ ಸೇವೆಗಾಗಿಯೂ ಅಲ್ಲ, ನನ್ನದೇ ಒಂದು ಆಸೆಗಾಗಿ. ಮ್ಯಾರಥಾನ್ ಓಡಬೇಕೆಂಬ ಆಸೆ! ನಗಬೇಡಿ. ನಲವತ್ತು ದಾಟಿದ, ಮದ್ರಸದಲ್ಲಿ ಕಲಿತ, ಎರಡು ಮಕ್ಕಳ ತಾಯಿಯಾದ ಟೀಚರಿಗೆ ಇಂಥ ಆಸೆ ಹೇಗೆ ಬಂತೆಂದು ಮೊದಲು ಹೇಳಿಬಿಡುತ್ತೇನೆ.

ನನ್ನ ಉಮ್ಮನಿಗೆ ಸಕ್ಕರೆ ಕಾಯಿಲೆಯಿತ್ತು. ಒಮ್ಮೆ ಚಪ್ಪಲಿ ಉಜ್ಜಿ ಅವರ ಕಾಲಿನ ಬೆರಳಿಗೆ ಸಣ್ಣ ಗಾಯವಾಯಿತು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ನರಗಳ ಸ್ಪರ್ಶ ಶಕ್ತಿ ಕುಂದಿರುತ್ತದೆ, ಗಾಯ ಇದ್ದಷ್ಟು ನೋಯುವುದಿಲ್ಲ. ಉಮ್ಮ ಅದಕ್ಕೆ ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಮೇಲೆ ಕಾಲುಚೀಲ ಹಾಕಿಕೊಂಡರು. ಆಗ ಮನೆಯಲ್ಲಿ ನನ್ನ ತಂಗಿಯ ಬಾಣಂತನ ನಡೆಯುತ್ತಿತ್ತು. ನಲವತ್ತು ದಿನ ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಎರಡು ಬೆರಳು ತೆಗೆಯಬೇಕಾಯಿತು. "ಯಾಕೆ ಹೇಳಲಿಲ್ಲ ಉಮ್ಮ?" ಎಂದು ನಾನು ಅತ್ತಾಗ ಅವರು, "ಎಲ್ಲರ ಕೆಲಸ ಮುಗಿಯಲಿ ಅಂತ ಕಾದೆ" ಎಂದರು. ಆ ಮೇಲೆ ಅವರು ಹೆಚ್ಚು ಕಾಲ ಬದುಕಲಿಲ್ಲ. ಅಲ್ಲಾಹನು ಅವರ ಖಬರನ್ನು ವಿಶಾಲಗೊಳಿಸಲಿ.

2022ರ ಜನವರಿಯಲ್ಲಿ ನನ್ನ ರಕ್ತ ಪರೀಕ್ಷೆಯಾಯಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯಲ್ಲಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದರ್ಥ. ಡಾಕ್ಟರು ಮಾತ್ರೆ ಕೊಡಲಿಲ್ಲ. "ನಡೆಯಿರಿ" ಎಂದರು.

ಸುಬ್‌ಹಿ ನಮಾಝಿನ ಬಳಿಕ ನಮ್ಮ ಶಾಲೆಯ ಮೈದಾನದಲ್ಲಿ ನಡೆಯತೊಡಗಿದೆ. ನಾಲ್ಕು ತಿಂಗಳಲ್ಲಿ ನಡಿಗೆ ಸಣ್ಣ ಓಟವಾಯಿತು. ಉದ್ದ ತೋಳಿನ ಸಡಿಲ ಅಂಗಿ, ಟ್ರ್ಯಾಕ್ ಪ್ಯಾಂಟ್, ಕುತ್ತಿಗೆ ಮುಚ್ಚುವ ಹಗುರ ಹಿಜಾಬ್, ಇಷ್ಟೇ ನನ್ನ ಉಡುಪು. ಊರಿನಲ್ಲಿ ಮಾತು ಬರದಿರಲಿಲ್ಲ. "ಉಸ್ತಾದರ ಹತ್ತಿರ ಕಲಿತವಳು ಓಡುವುದಾ?" ಎಂದವರಿದ್ದರು. ಪ್ರವಾದಿ(ಸ)ರೊಂದಿಗೆ ಆಯಿಶಾ(ರ) ಓಟದ ಪಂದ್ಯ ಕಟ್ಟಿ ಗೆದ್ದದ್ದನ್ನು, ಮುಂದೊಮ್ಮೆ ಮೈ ತುಂಬಿದ ಮೇಲೆ ಸೋತದ್ದನ್ನು ನಾನು ಅದೇ ಮದ್ರಸದಲ್ಲಿ ಕಲಿತಿದ್ದೆ. ಕೇಳಿದವರಿಗೆ ಅದನ್ನು ಹೇಳಿದೆ, ಕೇಳದವರ ಜೊತೆ ವಾದಿಸಲು ಹೋಗಲಿಲ್ಲ. ನನ್ನ ಅತ್ತೆ ಮಾತ್ರ, "ಈ ಪ್ರಾಯದಲ್ಲಿ ಓಡಿ ಎಲ್ಲಿಗೆ ಹೋಗ್ಲಿಕ್ಕುಂಟು ನಿನಗೆ?" ಎಂದು ಕೇಳಿ, ತಾವೇ ನಕ್ಕು, ನನಗೆ ಚಹಾ ಮಾಡಿಡುತ್ತಿದ್ದರು.

ಒಂದು ವರ್ಷದಲ್ಲಿ ಸಕ್ಕರೆ 5.6ಕ್ಕೆ ಇಳಿಯಿತು. 2023ರ ಆರಂಭದಲ್ಲಿ 21 ಕಿಲೋಮೀಟರಿನ ಅರ್ಧ ಮ್ಯಾರಥಾನ್ ಓಡಿದೆ. ಅಲ್ಲಿಗೆ ಸಾಕಿತ್ತು. ಆದರೆ ಮನುಷ್ಯನ ಆಸೆಗೆ ಅರ್ಧದಲ್ಲಿ ತೃಪ್ತಿಯುಂಟೇ? 2024ರ ಜನವರಿಯ ಮುಂಬೈ ಮ್ಯಾರಥಾನಿಗೆ ಹೆಸರು ಕೊಟ್ಟೆ.

ಪೂರ್ಣ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಈ ಅಳತೆಯಲ್ಲಿ ಓಡಿಸಿದರು, 1921ರಲ್ಲಿ ಅದನ್ನೇ ನಿಯಮವಾಗಿಸಿದರು. ಮಹಿಳೆಯರಿಗೆ ಒಲಿಂಪಿಕ್ಸಿನಲ್ಲಿ ಈ ಓಟ ಸಿಕ್ಕಿದ್ದು 1984ರಲ್ಲಿ. ಅಲ್ಲಿಯವರೆಗೆ, ಹೆಣ್ಣಿನ ದೇಹ ಅಷ್ಟು ದೂರವನ್ನು ತಾಳದು ಎಂಬುದು ದೊಡ್ಡವರ ವಾದವಾಗಿತ್ತು. ಹೆಣ್ಣಿನ ದೇಹ ಎಷ್ಟು ತಾಳುತ್ತದೆಂದು ನಮ್ಮ ಮನೆಗಳ ಅಡುಗೆ ಕೋಣೆಗೆ ಬಂದು ನೋಡಿದ್ದರೆ ತಿಳಿಯುತ್ತಿತ್ತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ವಾರಕ್ಕೆ 30 ಕಿಲೋಮೀಟರ್ ಓಡುತ್ತಿದ್ದವಳು ಮ್ಯಾರಥಾನ್ ಹತ್ತಿರ ಬಂತೆಂದು ಒಂದೇ ತಿಂಗಳಲ್ಲಿ ಅದನ್ನು 50ಕ್ಕೆ ಏರಿಸಿದೆ. ಮಳೆಗಾಲದಲ್ಲಿ ಮೈದಾನ ಕೆಸರಾಗಿದ್ದರಿಂದ ಕಾಂಕ್ರೀಟ್ ರಸ್ತೆಯಲ್ಲಿ ಓಡಿದೆ. ಶೂ ಹಳೆಯದಾಗಿ ಅಡಿ ಸವೆದಿತ್ತು. ಇವರಿಗೆ ಹೇಳಿದರೆ ಹೊಸದು ತರುತ್ತಿದ್ದರು, ಆದರೆ ಮಗಳ ಕಾಲೇಜು ಫೀಸಿನ ತಿಂಗಳು ಎಂದು ಸುಮ್ಮನಾದೆ. ಬೆಳಿಗ್ಗೆ 15 ಕಿಲೋಮೀಟರ್ ಓಡಿ ಬಂದು, ಎಲ್ಲರಿಗೂ ತಿಂಡಿ ಕೊಟ್ಟು, ಒಂದು ನೀರುದೋಸೆ ನಿಂತುಕೊಂಡೇ ತಿಂದು ಶಾಲೆಗೆ ಹೊರಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಬಲ ಕಣಕಾಲಿನ ಒಳಬದಿಯಲ್ಲಿ ಒಂದು ನೋವು ಹುಟ್ಟಿತು. ಮೊದಲ ವಾರ ಓಟ ಮುಗಿದ ಮೇಲೆ ಮಾತ್ರ ನೋಯುತ್ತಿತ್ತು. ಎರಡನೇ ವಾರ ಓಡುವಾಗಲೂ ನೋಯಿತು. ಮೂರನೆಯದರಲ್ಲಿ ಶಾಲೆಯ ಮೆಟ್ಟಿಲು ಹತ್ತುವಾಗ ಕಾಣಿಸಿತು. ನಾಲ್ಕನೇ ವಾರ ರಾತ್ರಿ ಮಲಗಿದಾಗಲೂ ಮಿಡಿಯುತ್ತಿತ್ತು. ದೇಹವು ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಬೇಕು? ನಾನು ಕಪಾಟಿನಲ್ಲಿದ್ದ ನೋವಿನ ಮಾತ್ರೆ ನುಂಗಿದೆ. ಕುಂಟುವುದು ಕಾಣಬಾರದೆಂದು ಮನೆಯಲ್ಲಿ ನಿಧಾನವಾಗಿ ನಡೆದೆ. ಹೇಳಿದರೆ ಓಡಬೇಡ ಎನ್ನುತ್ತಾರೆ, ಊರವರು "ಆಗಲೇ ಹೇಳಿದ್ದೆವು" ಎನ್ನುತ್ತಾರೆ. ಅದೇ ಭಯ.

ಅಕ್ಟೋಬರಿನ ಒಂದು ಭಾನುವಾರ 28 ಕಿಲೋಮೀಟರ್ ಓಡಬೇಕಿತ್ತು. ಮಾತ್ರೆ ನುಂಗಿ ಹೊರಟೆ. 19 ಕಿಲೋಮೀಟರ್ ಆಗುವಷ್ಟರಲ್ಲಿ ಕಾಲು ನೆಲಕ್ಕೆ ಊರಲಾಗಲಿಲ್ಲ. ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕುಳಿತು ಇವರಿಗೆ ಫೋನ್ ಮಾಡಿದೆ. ಇವರು ಸ್ಕೂಟರಿನಲ್ಲಿ ಬಂದರು. ಬೈಯಲಿಲ್ಲ. ಬಗ್ಗಿ ಕಾಲು ನೋಡಿ, "ಎಷ್ಟು ದಿನದಿಂದ?" ಎಂದು ಕೇಳಿದರು.

"ಐದು ವಾರ."

ಇವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮತ್ತೆ ಮೆಲ್ಲಗೆ, "ನೀನು ಉಮ್ಮನದ್ದೇ ಮಗಳು" ಎಂದರು.

ಸಹೋದರಿ, ಆ ಒಂದು ಮಾತಿಗೆ ಬಂದ ಅಳು ಕಾಲಿನ ನೋವಿಗೆ ಬಂದಿರಲಿಲ್ಲ. ಉಮ್ಮನ ಹಾಗೆ ಆಗಬಾರದೆಂದೇ ನಾನು ಓಡಲು ಶುರು ಮಾಡಿದ್ದೆ. ಓಡುತ್ತಾ ಓಡುತ್ತಾ ಅವರು ನಿಂತಿದ್ದ ಜಾಗಕ್ಕೇ ಬಂದು ಮುಟ್ಟಿದ್ದೆ!

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆರಂಭದಲ್ಲಿ ಹೆಚ್ಚಾಗಿ ಹಾಗೆಯೇ ಅಂತೆ. ಎಂಆರ್‌ಐ ಮಾಡಿದಾಗ ಕಣಕಾಲಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಮೂಳೆ ಡಾಕ್ಟರು ಅದನ್ನು ಚೆನ್ನಾಗಿ ವಿವರಿಸಿದರು. ಮೂಳೆ ಕಲ್ಲಲ್ಲ, ಅದು ಜೀವವಿರುವ ವಸ್ತು. ಪ್ರತಿ ಹೆಜ್ಜೆಯ ಪೆಟ್ಟಿಗೆ ಅದು ಸ್ವಲ್ಪ ಸವೆಯುತ್ತದೆ, ವಿಶ್ರಾಂತಿಯಲ್ಲಿ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ, ಮೊದಲಿಗಿಂತ ಗಟ್ಟಿಯಾಗುತ್ತದೆ. ಕಟ್ಟುವುದಕ್ಕಿಂತ ಸವೆಯುವುದು ಹೆಚ್ಚಾದರೆ ಬಿರುಕು ಬೀಳುತ್ತದೆ.

ಅವರು ಇನ್ನೂ ಎರಡು ಪ್ರಶ್ನೆ ಕೇಳಿದರು. "ಊಟ ಎಷ್ಟು ಮಾಡುತ್ತೀರಿ? ಮುಟ್ಟು ಸರಿಯಾಗಿ ಆಗುತ್ತದೆಯೇ?" ಕಾಲಿನ ನೋವಿಗೂ ಇದಕ್ಕೂ ಏನು ಸಂಬಂಧ ಎಂದು ನನಗೆ ಆಶ್ಚರ್ಯವಾಯಿತು. ಸಂಬಂಧವಿದೆ. ದುಡಿಯುವಷ್ಟು ತಿನ್ನದಿದ್ದರೆ ದೇಹವು ಖರ್ಚು ಕಡಿಮೆ ಮಾಡಲು ಮೊದಲು ಮುಟ್ಟನ್ನು ಏರುಪೇರು ಮಾಡುತ್ತದೆ, ಅದರೊಂದಿಗೆ ಮೂಳೆಯ ಬಲವೂ ಕುಂದುತ್ತದೆ. ನನ್ನದು ಎರಡು ತಿಂಗಳಿಂದ ತಪ್ಪಿತ್ತು. ಪ್ರಾಯ ಆಯಿತಲ್ಲ ಎಂದುಕೊಂಡಿದ್ದೆ. ವಿಟಮಿನ್ ಡಿ ಪರೀಕ್ಷೆಯಲ್ಲಿ 11 ಬಂತು. 20ಕ್ಕಿಂತ ಕಡಿಮೆಯಿದ್ದರೆ ಕೊರತೆ. ಕ್ಯಾಲ್ಸಿಯಂ ದೇಹಕ್ಕೆ ಹೀರಿಕೆಯಾಗಲು ಈ ವಿಟಮಿನ್ ಬೇಕು, ಅದು ಮುಖ್ಯವಾಗಿ ಚರ್ಮದ ಮೇಲೆ ಬಿಸಿಲು ಬಿದ್ದಾಗ ತಯಾರಾಗುತ್ತದೆ. ಬಿಸಿಲ ನಾಡಿನಲ್ಲಿದ್ದೂ ನಾವು ಹೊರಗೆ ಹೋಗುವಾಗ ಮೈ ಮುಚ್ಚಿಕೊಳ್ಳುತ್ತೇವೆ, ಒಳಗಿರುವಾಗ ಮಾಡಿನ ಕೆಳಗಿರುತ್ತೇವೆ. ಪರ್ದಾ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮನೆಯ ಅಂಗಳಕ್ಕೋ ತಾರಸಿಗೋ ಮರೆ ಕಟ್ಟಿಕೊಂಡು ಕೈಕಾಲಿಗೆ ಬಿಸಿಲು ತಾಗಿಸಿಕೊಳ್ಳಲು ಯಾರೂ ಅಡ್ಡಿ ಹೇಳುವುದಿಲ್ಲ ಎನ್ನುತ್ತಿದ್ದೇನೆ, ಅಷ್ಟೇ.

ಎಂಟು ವಾರ ಓಟವಿಲ್ಲ. ಮೊದಲ ಮೂರು ವಾರ ಊರುಗೋಲು. ಮುಂಬೈ ಕನಸು ಅಲ್ಲಿಗೆ ಮುಗಿಯಿತು.

ನಮಾಝ್ ಕುರ್ಚಿಯ ಮೇಲೆ. ಮಂಡಿಯೂರಿದರೆ ಕಣಕಾಲು ನೆಲಕ್ಕೆ ಒತ್ತುತ್ತದಲ್ಲ? ಕಾಯಿಲೆಯವರಿಗೆ ಕುಳಿತು ನಮಾಝ್ ಮಾಡಲು ಅನುಮತಿಯಿದೆ ಎಂದು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸಿದವಳು ನಾನು. ಆದರೂ ಮೊದಲ ದಿನ ಹಣೆ ನೆಲ ಮುಟ್ಟದೆ ಗಾಳಿಯಲ್ಲಿ ನಿಂತಾಗ ಮನಸ್ಸು ಹಿಂಡಿತು. ದೇಹವು ಅಲ್ಲಾಹನ ಅಮಾನತ್ತು ಎಂದೂ ನಾನು ಕಲಿಸಿದ್ದೆ. ಬೇರೆಯವರ ಅಮಾನತ್ತಾದ ಒಂದು ಪಾತ್ರೆ ನಮ್ಮ ಮನೆಯಲ್ಲಿದ್ದು, ಅದು ಸೋರತೊಡಗಿದರೆ ಐದು ವಾರ ಮುಚ್ಚಿಡುತ್ತೇವೆಯೇ?

ಆ ದಿನಗಳಲ್ಲಿ ಶಾಲೆಯ ಒಬ್ಬ ಹುಡುಗಿ ನನಗೆ ಧೈರ್ಯ ಹೇಳಲು ಒಂದು ಕಥೆ ಓದಿಕೊಂಡು ಬಂದಳು. ಅಮೆರಿಕದ ಜೋನ್ ಬೆನಾಯ್ಟ್ ಎಂಬ ಓಟಗಾರ್ತಿ 1984ರ ಮಾರ್ಚಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅವರ ಮಂಡಿ ಹಿಡಿದುಕೊಂಡಿತು. ಏಪ್ರಿಲ್ 25ರಂದು ಶಸ್ತ್ರಚಿಕಿತ್ಸೆಯಾಯಿತು. ಹದಿನೇಳು ದಿನ ಕಳೆದು, ಮೇ 12ರಂದು ನಡೆದ ಒಲಿಂಪಿಕ್ಸ್ ಆಯ್ಕೆ ಓಟವನ್ನು ಅವರು ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ ನಡೆದ ಮಹಿಳೆಯರ ಮೊತ್ತಮೊದಲ ಒಲಿಂಪಿಕ್ಸ್ ಮ್ಯಾರಥಾನನ್ನು 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಪಡೆದರು.

ಕೇಳಿ ನನಗೆ ಪುನಃ ಆಸೆ ಚಿಗುರಿತು. ಹದಿನೇಳು ದಿನದಲ್ಲಿ ಅವರು ಓಡಿದರೆ ನಾನು ಮೂರು ತಿಂಗಳಲ್ಲಿ ಓಡಬಾರದೇ? ಫಿಸಿಯೋಥೆರಪಿ ಮಾಡಿಸುತ್ತಿದ್ದ ಹುಡುಗಿಯಲ್ಲಿ ಇದನ್ನು ಕೇಳಿದೆ. ಅವಳು ನಕ್ಕು, "ಟೀಚರ್, ಅವರಿಗೆ ಮಂಡಿಯೊಳಗೆ ಸಿಕ್ಕಿಹಾಕಿಕೊಳ್ಳುತ್ತಿದ್ದ ಅಂಗಾಂಶವನ್ನು ತೆಗೆದುಹಾಕಿದ್ದು. ಅಡ್ಡಿ ಹೋಯಿತು, ಓಡಿದರು. ನಿಮ್ಮದು ಮೂಳೆ. ಮೂಳೆಗೆ ಅದರದ್ದೇ ಕ್ಯಾಲೆಂಡರ್. ಇನ್ನೊಬ್ಬರ ದಿನ ಲೆಕ್ಕ ಹಾಕಬೇಡಿ" ಎಂದಳು. ಬೆನಾಯ್ಟ್ ಕೂಡಾ ನೋವನ್ನು ಬಚ್ಚಿಟ್ಟು ಓಡಲಿಲ್ಲ, ತೋರಿಸಿ, ಕಾರಣ ಕಂಡುಹಿಡಿದು, ಸರಿಪಡಿಸಿಕೊಂಡು ಓಡಿದರು ಎಂಬುದು ನನಗೆ ಆಗ ಹೊಳೆಯಿತು.

2024ರ ಜನವರಿ 21ರಂದು ಮುಂಬೈಯಲ್ಲಿ ಸಾವಿರಾರು ಜನ ಓಡುತ್ತಿದ್ದಾಗ ನಾನು ನಮ್ಮ ತಾರಸಿಯಲ್ಲಿ ಅತ್ತೆಯ ಜೊತೆ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದೆ. ಅವರು ಹಪ್ಪಳ ಒಣಗಿಸುತ್ತಿದ್ದರು. ಎಡಗೈ ಎತ್ತದೆ ಬಲಗೈಯಲ್ಲೇ ಎಲ್ಲ ಮಾಡುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಮೂರು ಸಲ ಕೇಳಿದ ಮೇಲೆ ಬಾಯಿಬಿಟ್ಟರು. ಎಂಟು ತಿಂಗಳಿಂದ ಭುಜ ಮೇಲೇಳುತ್ತಿರಲಿಲ್ಲ! ತಲೆ ಬಾಚಲು ಮೊಮ್ಮಗಳನ್ನು ಕರೆಯುತ್ತಿದ್ದುದು ಪ್ರೀತಿಗೆಂದು ನಾವು ತಿಳಿದಿದ್ದೆವು. "ನಿನ್ನ ಕಾಲಿನ ಗಲಾಟೆಯಲ್ಲಿ ನನ್ನದು ಯಾಕೆ ಅಂತ" ಎಂದರು. ಒಂದೇ ಮಾಡಿನ ಕೆಳಗೆ ಇಬ್ಬರು ಹೆಂಗಸರು, ಇಬ್ಬರೂ ಬಚ್ಚಿಟ್ಟವರು. ಮರುವಾರದಿಂದ ನಾವಿಬ್ಬರೂ ಒಂದೇ ಆಟೋದಲ್ಲಿ ಫಿಸಿಯೋಥೆರಪಿಗೆ ಹೋದೆವು. ಈಗ ಅವರು ತಮ್ಮ ತಲೆಯನ್ನು ತಾವೇ ಬಾಚಿಕೊಳ್ಳುತ್ತಾರೆ.

ಹಾಗೆ ಓಟ ಮತ್ತೆ ಶುರುವಾಯಿತು. ಮೊದಲು ನೋವಿಲ್ಲದೆ ಅರ್ಧ ಗಂಟೆ ನಡೆಯಬೇಕು. ಬಳಿಕ ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ. ಒಂದು ದಿನ ಓಡಿದರೆ ಮರುದಿನ ರಜೆ. ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ಅಡುಗೆ ಕಟ್ಟೆ ಹಿಡಿದುಕೊಂಡು ಹಾಲು ಕಾಯುವವರೆಗೆ ಮಾಡುತ್ತಿದ್ದೆ. ಓಡಿದ ದಿನ ಕುಳಿತು ತಿನ್ನಬೇಕು, ಎಲ್ಲರಿಗಿಂತ ಮೊದಲು! ಇದು ಅತ್ತೆಯ ಕಾನೂನು. ರಾಗಿ ಅಂಬಲಿ, ಮೊಟ್ಟೆ, ಮುಳ್ಳು ಮೆತ್ತಗಾಗುವಂತೆ ಬೇಯಿಸಿದ ಬೂತಾಯಿ ನನ್ನ ತಟ್ಟೆಗೆ ಬಂದವು. ಡಾಕ್ಟರು ಬರೆದಂತೆ ವಾರಕ್ಕೊಂದು ವಿಟಮಿನ್ ಮಾತ್ರೆ ತೆಗೆದುಕೊಂಡೆ. ಇದನ್ನು ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ, ಅತಿಯಾದರೆ ಅಪಾಯ. ಇವರು ಹೊಸ ಶೂ ತಂದರು. ಹಳೆಯದನ್ನು ಮಗಳು ನನ್ನ ಮುಂದೆಯೇ ಕಸದ ಬುಟ್ಟಿಗೆ ಹಾಕಿದಳು.

ಮುಟ್ಟು ಸರಿಯಾಯಿತು. ಕುರ್ಚಿ ಮೂಲೆಗೆ ಹೋಯಿತು. ಮೊದಲ ಬಾರಿ ಹಣೆ ನೆಲ ಮುಟ್ಟಿದ ದಿನ ನಾನು ಸುಜೂದಿನಿಂದ ಏಳಲು ತುಂಬಾ ತಡ ಮಾಡಿದೆ.

2025ರ ಜನವರಿಯಲ್ಲಿ ಇವರು, ಮಗಳು, ನಾನು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋದೆವು. ಹೊರಡುವ ಮೊದಲು ಇವರು ಒಂದು ವಾಗ್ದಾನ ಪಡೆದುಕೊಂಡರು. ಹಳೆಯ ಜಾಗದಲ್ಲಿ ಬೆರಳಿಟ್ಟು ಒತ್ತಿದಾಗ ಒಂದೇ ಬಿಂದುವಿನಲ್ಲಿ ನೋವು ಚುಚ್ಚಿದರೆ, ಎಷ್ಟೇ ದೂರ ಬಂದಿರಲಿ, ನಿಲ್ಲಬೇಕು. ಸ್ನಾಯು ದಣಿದರೆ ನೋವು ಉದ್ದಕ್ಕೂ ಹರಡಿರುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚಿದರೆ ಮೂಳೆಯ ಬಗ್ಗೆ ಸಂಶಯಪಡಬೇಕು. ಖಚಿತ ಮಾಡುವುದು ಡಾಕ್ಟರ ಕೆಲಸ, ನಿಲ್ಲುವುದು ನಮ್ಮ ಕೆಲಸ.

ಜನವರಿ 19ರಂದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿ, ಸುಬ್‌ಹಿಯ ಸಮಯವಾಗುವ ಮೊದಲೇ ಓಟ ಶುರುವಾಯಿತು. ವುಝೂ ಮಾಡಿಕೊಂಡೇ ಹೊರಟಿದ್ದೆ. ಮರೈನ್ ಡ್ರೈವ್ ದಾಟಿ, ಪೆಡ್ಡರ್ ರಸ್ತೆಯ ಏರು ಹತ್ತಿ ಇಳಿದು ಹಾಜಿ ಅಲಿಯ ಹತ್ತಿರ ಬರುವಾಗ ನಮಾಝಿನ ಸಮಯವಾಗಿತ್ತು. ಹೇಳಿದಂತೆಯೇ ಇವರೂ ಮಗಳೂ ಒಂದು ಶಾಲು ಹಿಡಿದು ಕಾಯುತ್ತಿದ್ದರು. ಅಲ್ಲಿ ಕಿಬ್ಲಾ ಸಮುದ್ರದ ಕಡೆಗೆ. ಪಕ್ಕದಲ್ಲಿ ಸಾವಿರ ಹೆಜ್ಜೆಗಳ ಸದ್ದು, ಕಾಲುದಾರಿಯ ಮೇಲೆ ಶಾಲು, ನನ್ನ ಎರಡು ರಕಅತ್. ಗಟ್ಟಿ ನೆಲಕ್ಕೆ ಕಣಕಾಲು ಒತ್ತಿತು, ನೋಯಲಿಲ್ಲ. ಕುರ್ಚಿಯ ಮೇಲಿನ ಆ ಎಂಟು ವಾರಗಳು ನೆನಪಾಗಿ ಕಣ್ಣು ತುಂಬಿತು. ಸಲಾಮ್ ಹೇಳಿ ಎದ್ದಾಗ ಮಗಳು ಎರಡು ಖರ್ಜೂರ ಬಾಯಿಗಿಟ್ಟು, "ಹೋಗಿ ಉಮ್ಮ" ಎಂದಳು.

ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಬೆಳಕು ಹರಿಯಿತು. 30 ಕಿಲೋಮೀಟರಿನವರೆಗೆ ಚೆನ್ನಾಗಿಯೇ ಇದ್ದೆ. 33ರಲ್ಲಿ ಬಲಗಾಲಿನಲ್ಲಿ ಒಂದು ನೋವು ಎದ್ದಿತು. ಅದೇ ಕಾಲು. ಎದೆ ಧಸಕ್ಕೆಂದಿತು. ಇನ್ನು ಒಂಬತ್ತೇ ಕಿಲೋಮೀಟರ್, ಸುಮ್ಮನೆ ಓಡು ಎಂದು ಹಳೆಯ ನಾನು ಒಳಗಿನಿಂದ ಹೇಳಿದಳು. ಆದರೆ ನಾನು ನಿಂತೆ. ರಸ್ತೆಯಂಚಿನಲ್ಲಿ ಕುಳಿತು, ಬಿಸ್ಮಿಲ್ಲಾ ಹೇಳಿ, ಹಳೆಯ ಜಾಗಕ್ಕೆ ಬೆರಳಿಟ್ಟು ಒತ್ತಿದೆ. ಚುಚ್ಚಲಿಲ್ಲ. ನೋವು ಮೀನಖಂಡದ ಉದ್ದಕ್ಕೂ ಹರಡಿತ್ತು. ಆದರೂ ನನ್ನ ಆಸೆಯ ಬೆರಳನ್ನು ನಾನು ನಂಬಲಿಲ್ಲ. ಮುಂದಿನ ವೈದ್ಯಕೀಯ ಶಿಬಿರದವರೆಗೆ ನಡೆದು, ಅಲ್ಲಿದ್ದ ಡಾಕ್ಟರಿಗೆ ಹಿಂದಿನ ಬಿರುಕಿನ ಕಥೆಯನ್ನೆಲ್ಲ ಹೇಳಿದೆ. ಅವರು ಒತ್ತಿ, ತಿರುಗಿಸಿ, ಒಂದೇ ಕಾಲಲ್ಲಿ ನಿಲ್ಲಿಸಿ ನೋಡಿ, "ಸ್ನಾಯು ಹಿಡಿದಿದೆ. ನಡೆಯುತ್ತಾ ಓಡುತ್ತಾ ಹೋಗಿ. ಹೆಚ್ಚಾದರೆ ನಿಲ್ಲಿಸಿ" ಎಂದರು. ಅಲ್ಲಿ ಹತ್ತು ನಿಮಿಷ ಹೋಯಿತು. ಹೋಗಲಿ.

ಐದು ಗಂಟೆ 52 ನಿಮಿಷದಲ್ಲಿ ಗುರಿ ಮುಟ್ಟಿದೆ. ನನಗಿಂತ ಮೊದಲು ಎಷ್ಟೋ ಸಾವಿರ ಮಂದಿ ಮುಟ್ಟಿದ್ದರು. ಅಲ್‌ಹಮ್ದುಲಿಲ್ಲಾಹ್ ಎಂದೆ. ಮನೆಗೆ ಫೋನ್ ಮಾಡಿದಾಗ ಅತ್ತೆ ಸಮಯ ಕೇಳಲಿಲ್ಲ, ಪದಕ ಕೇಳಲಿಲ್ಲ. "ಕಾಲು ನೋಯುತ್ತಾ? ನಿಜ ಹೇಳು" ಎಂದರು.

"ನೋಯುತ್ತದೆ ಮಾಮಿ," ಎಂದೆ, "ಎರಡೂ ಕಾಲು, ಸೊಂಟ, ಎಲ್ಲವೂ."

"ಹಾಂ, ಹಾಗೆ ಹೇಳಬೇಕು" ಎಂದರು.

ಪ್ರಿಯ ಸಹೋದರಿ, ನೀವು ಮ್ಯಾರಥಾನ್ ಓಡಬೇಕೆಂದು ನಾನು ಇದನ್ನು ಬರೆದದ್ದಲ್ಲ. ಅಂಗಳದಲ್ಲಿ ಅರ್ಧ ಗಂಟೆ ನಡೆದರೂ ಸಾಕು. ಸಹನೆ ದೊಡ್ಡ ಗುಣವೇ. ಔಷಧಿ ಮಾಡಿಯೂ ಉಳಿಯುವ ನೋವನ್ನು ತಾಳುವುದು ಸಹನೆ. ಹೇಳದೆ, ತೋರಿಸದೆ, ಅಡಗಿಸಿಟ್ಟು ಬೆಳೆಸುವುದು ಸಹನೆಯಲ್ಲ. ಅದಕ್ಕೆ ನನ್ನ ಉಮ್ಮ ಎರಡು ಬೆರಳು ತೆತ್ತರು, ನಾನು ಒಂದು ವರ್ಷ ತೆತ್ತೆ.

ಈ ಪುಟ ಮಡಚುವ ಮೊದಲು ಆರಂಭದ ಪ್ರಶ್ನೆಗೆ ಉತ್ತರ ಹುಡುಕಿ. ಎಲ್ಲಿ ನೋಯುತ್ತಿದೆ? ಎಷ್ಟು ದಿನದಿಂದ? ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಮತ್ತೆ ನಿಮ್ಮ ತಾಯಿಗೋ ಅತ್ತೆಗೋ ಇದೇ ಪ್ರಶ್ನೆ ಕೇಳಿ. ಒಮ್ಮೆ ಕೇಳಿದರೆ ಹೇಳಲಾರರು. ಮೂರು ಸಲ ಕೇಳಿ.